ಸದರಿ ಕಪಾಟು

ಅಮ್ಮನ ಕಪಾಟಿಗಾಗಿ ಅಕ್ಕತಂಗಿಯರಿಬ್ಬರು ಕೋರ್ಟು ಹತ್ತಿ ಎಷ್ಟೋ ವರ್ಷಗಳಾಗಿದ್ದವು. ಅಕ್ಕನಿಗೆ ಪೇಟೆಬೀದಿಯಲ್ಲಿ ಕನ್ನಡಕದ ಅಂಗಡಿ. ತಂಗಿ ಊರೊಳಗೆ ಓಡಾಡುವ ಬಸ್ಸಿನಲ್ಲಿ ಕಂಡಕ್ಟರು. ಇಬ್ಬರ ಮನೆಗಳ ನಡುವೆ ಎರಡು ಬೀದಿ ಮಾತ್ರ ಅಡ್ಡವಿದ್ದರೂ ಮಾತುಕತೆಯೆಲ್ಲ ವಕೀಲರ ಮೂಲಕವೇ ನಡೆಯುತ್ತಿತ್ತು.

ಕಪಾಟು ಕರಿಮರದ್ದು, ಆಳೆತ್ತರಕ್ಕಿಂತ ದೊಡ್ಡದು. ಮೇಲಿನ ಬಾಗಿಲಿಗೆ ಕನ್ನಡಿ, ಕೆಳಗೆ ಸಾಲಾಗಿ ಖಾನೆಗಳು. ಅಮ್ಮ ಬದುಕಿದ್ದಾಗ ಯಾವ ಮಗಳು ಬಂದು ತಲೆ ಬಾಚುತ್ತಿದ್ದಳೋ ಅವಳ ಹತ್ತಿರ, "ಇದು ನಿನಗೇ ಕಣೇ, ಇನ್ನೊಬ್ಬಳಿಗೆ ಹೇಳಬೇಡ" ಎನ್ನುತ್ತಿದ್ದಳು. ಹೀಗಾಗಿ ಕಟಕಟೆಯಲ್ಲಿ ನಿಂತು ಇಬ್ಬರೂ ಹೇಳಿದ್ದು ನಿಜವೇ. ಒಬ್ಬಳಾದರೂ ಸುಳ್ಳು ಹೇಳಿದ್ದರೆ ಮೊಕದ್ದಮೆ ಎಂದೋ ಮುಗಿಯುತ್ತಿತ್ತು ಎಂದು ಅಕ್ಕನ ವಕೀಲರು ಆಗಾಗ ಬೇಸರಪಟ್ಟುಕೊಳ್ಳುತ್ತಿದ್ದರು.

ಕೊನೆಗೂ ತೀರ್ಪು ಬಂತು. ಅಂದು ಸಂಜೆ ನಿವೃತ್ತರಾಗಲಿದ್ದ ನ್ಯಾಯಾಧೀಶರು ಬಾಕಿ ಉಳಿದ ತೀರ್ಪುಗಳನ್ನೆಲ್ಲ ಒಂದೇ ಉಸಿರಿಗೆ ಓದಿ ಮುಗಿಸಿದರು. ಫ್ಯಾನಿನ ಗಡಗಡ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ. ಓದುವಾಗ ತನ್ನ ಕಡೆ ನೋಡಿದರೆಂದು ಅಕ್ಕ ತಾನೇ ಗೆದ್ದೆನೆಂದುಕೊಂಡಳು. ತನ್ನ ಕಡೆ ತಲೆಯಾಡಿಸಿದರೆಂದು ತಂಗಿಯೂ ಹಾಗೆಯೇ ಅಂದುಕೊಂಡಳು. ಇಬ್ಬರೂ ತಂತಮ್ಮ ಬೀದಿಯವರಿಗೆಲ್ಲ ಸಿಹಿ ಹಂಚಿದರು.

ನಕಲು ಕೈಗೆ ಸಿಕ್ಕ ದಿನ ವಕೀಲರು ಅಕ್ಕನನ್ನು ಕೂರಿಸಿಕೊಂಡು ಓದಿದರು. ಮೊದಲ ಪುಟಗಳು ಸರಿಯಾಗಿಯೇ ಇದ್ದವು. ಕಪಾಟಿನ ಉದ್ದಗಲ, ಸಾಕ್ಷಿಗಳ ಹೇಳಿಕೆ, ಅಮ್ಮನ ಮಾತು, ಎಲ್ಲವೂ. ಕೊನೆಯ ಪುಟಕ್ಕೆ ಬಂದಾಗ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಸದರಿಯು ಸೋಮವಾರದಿಂದ ಶುಕ್ರವಾರದವರೆಗೆ ವಾದಿಯ ಮನೆಯಲ್ಲಿಯೂ, ಶನಿವಾರ ಮತ್ತು ಭಾನುವಾರ ಪ್ರತಿವಾದಿಯ ಮನೆಯಲ್ಲಿಯೂ ವಾಸಿಸತಕ್ಕದ್ದು. ಸದರಿಗೆ ಹೊತ್ತುಹೊತ್ತಿಗೆ ಪೌಷ್ಟಿಕ ಆಹಾರ ನೀಡತಕ್ಕದ್ದು. ಸದರಿಯನ್ನು ಸಮೀಪದ ಶಾಲೆಗೆ ಸೇರಿಸಿ, ತಿಂಗಳಿಗೊಮ್ಮೆ ವೈದ್ಯರಿಂದ ತಪಾಸಣೆ ಮಾಡಿಸತಕ್ಕದ್ದು. ಸದರಿಯ ಸಮ್ಮುಖದಲ್ಲಿ ಉಭಯ ಪಕ್ಷಕಾರರು ಪರಸ್ಪರ ನಿಂದಿಸತಕ್ಕದ್ದಲ್ಲ."

"ಸದರಿ ಅಂದ್ರೆ ಯಾರು ಸಾರ್?" ಅಕ್ಕ ಕೇಳಿದಳು.

"ಸದರಿ ಅಂದ್ರೆ ಮೇಲೆ ಹೇಳಿದ್ದು. ಮೇಲೆ ಹೇಳಿರೋದು ಕಪಾಟು."

"ಕಪಾಟನ್ನ ಶಾಲೆಗೆ ಸೇರಿಸ್ಬೇಕಾ?"

ವಕೀಲರು ಗದ್ದ ಕೆರೆದುಕೊಂಡರು. "ಯಾವುದೋ ಮಗುವಿನ ಕೇಸಿನ ಹಾಳೆ ಇದಕ್ಕೆ ಸೇರ್ಕೊಂಡಿರೋ ಹಾಗಿದೆ. ಗಂಡ ಹೆಂಡ್ತಿ ಬೇರೆ ಆದಾಗ ಹೀಗೆ ಬರೀತಾರೆ. ಹೋಗಿ ಹೇಳಿದ್ರೆ ತಿದ್ದಿಕೊಡ್ತಾರೆ ಬಿಡಿ."

ಮಾರನೆಯ ದಿನ ಅಕ್ಕ ಕೋರ್ಟಿನ ಕಚೇರಿಗೆ ಹೋದಳು. ತಂಗಿಯೂ ತನ್ನ ನಕಲು ಹಿಡಿದು ಅಲ್ಲೇ ನಿಂತಿದ್ದಳು. ಒಬ್ಬರನ್ನೊಬ್ಬರು ನೋಡದೆ ಇಬ್ಬರೂ ಶಿರಸ್ತೇದಾರರ ಮೇಜಿನ ಎರಡು ಮೂಲೆ ಹಿಡಿದರು. ಶಿರಸ್ತೇದಾರರು ಮೇಲಿನಿಂದ ಕೆಳಗಿನ ತನಕ ನಿಧಾನವಾಗಿ ಓದಿದರು.

"ತಪ್ಪು ಯಾವುದು ತೋರಿಸಿ" ಎಂದರು.

"ಇಡೀ ಹಾಳೆಯೇ ತಪ್ಪು" ಎಂದಳು ತಂಗಿ.

"ಹಾಗೆ ಹೇಳಿದ್ರೆ ಆಗಲ್ಲ ತಾಯಿ. ಕೈತಪ್ಪು ಅಂದ್ರೆ ಒಂದು ಪದ ಇರ್ಬೇಕು, ಅದನ್ನ ಹೊಡೆದುಹಾಕಿ ಇನ್ನೊಂದು ಬರೀಬೇಕು. ಇಲ್ಲಿ ಯಾವ ಪದ ಹೊಡೆದುಹಾಕಲಿ? ಸದರಿ ಅಂತಿದೆ. ಸದರಿ ತಪ್ಪಲ್ವಲ್ಲ. ಆ ಸಾಹೇಬ್ರು ಹೆಸರು ಹಿಡಿದು ಏನೂ ಬರೀತಿರ್ಲಿಲ್ಲ, ಎಲ್ಲದಕ್ಕೂ ಸದರಿ. ಚಹಾ ತರಿಸೋದಿದ್ರೂ ಸದರಿ ತಗೊಂಡು ಬಾ ಅಂತಿದ್ರು."

"ಅವರನ್ನೇ ಕೇಳಿ ನೋಡಿ ಹಾಗಾದ್ರೆ" ಎಂದಳು ಅಕ್ಕ.

"ನಿವೃತ್ತರಾದ ಮೇಲೆ ಅವರಿಗೆ ಆ ಅಧಿಕಾರ ಇಲ್ಲ. ಅರ್ಜಿ ಕೊಟ್ಟು ಹೋಗಿ. ಹೊಸ ಸಾಹೇಬ್ರು ಬಂದ ಮೇಲೆ ನೋಡ್ತಾರೆ. ಅಲ್ಲಿ ತನಕ ತೀರ್ಪು ತೀರ್ಪೇ. ಪಾಲಿಸದಿದ್ರೆ ನ್ಯಾಯಾಂಗ ನಿಂದನೆ ಆಗುತ್ತೆ."

ಆ ಶುಕ್ರವಾರ ಸಂಜೆ ಅಮೀನರು ಅಕ್ಕನ ಮನೆಯ ಬಾಗಿಲು ತಟ್ಟಿದರು. ಕೋರ್ಟಿನ ಆದೇಶಗಳನ್ನು ಮನೆಮನೆಗೆ ಹೋಗಿ ಜಾರಿ ಮಾಡುವುದು ಅವರ ಕೆಲಸ. ತೆಳ್ಳಗಿನ ಮನುಷ್ಯ, ಬಗಲಲ್ಲಿ ಚೀಲ. ತಮ್ಮ ಕೈಗೆ ಬಂದ ಒಂದೇ ಒಂದು ಆದೇಶವೂ ಜಾರಿಯಾಗದೆ ಹಿಂದಿರುಗಿಲ್ಲ ಎಂಬುದು ಅವರ ಹೆಮ್ಮೆ.

"ಸದರಿಯನ್ನ ಪ್ರತಿವಾದಿ ಮನೆಗೆ ಕಳಿಸೋ ಹೊತ್ತಾಯ್ತು" ಎಂದರು.

ಅಕ್ಕನ ಗಂಡ ಜಗಳವೆಂದರೆ ಹಿತ್ತಲು ಸೇರುವ ಸಾಧು ಆಸಾಮಿ. ಅವನೇ ಓಡಿಹೋಗಿ ಕೈಗಾಡಿಯವನನ್ನು ಕರೆತಂದ. ಅಮ್ಮ ಹೋದಾಗಿನಿಂದ ಅಕ್ಕನ ಮನೆಯಲ್ಲೇ ಇದ್ದ ಕಪಾಟು ಗಾಡಿ ಹತ್ತಿತು. ಕನ್ನಡಿಯ ಬಾಗಿಲು ತೆರೆದುಕೊಳ್ಳದಂತೆ ಅಕ್ಕ ಅದರ ಮೇಲೆ ಕೈಯಿಟ್ಟು ಪಕ್ಕದಲ್ಲೇ ನಡೆದಳು. ಹಿಂದೆ ಅಮೀನರು. ಬೀದಿಯವರು ಕಿಟಕಿಗಳಿಂದ ನೋಡಿದರು. ಯಾರದೋ ಮದುವೆಯ ಸಾಮಾನು ಎಂದುಕೊಂಡು ಒಬ್ಬರು ಕೈಯೂ ಬೀಸಿದರು.

ತಂಗಿ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಬಂದ್ಯಾ, ನನ್ನ ಮನೆ ಹೊಸ್ತಿಲು..." ಎಂದು ಶುರು ಮಾಡುವಷ್ಟರಲ್ಲಿ ಅಮೀನರು ಗಂಟಲು ಸರಿಮಾಡಿಕೊಂಡರು.

"ಸದರಿಯ ಸಮ್ಮುಖದಲ್ಲಿ ನಿಂದನೆ ಬೇಡ. ನಾನು ಬರ್ಕೋಬೇಕಾಗುತ್ತೆ."

ತಂಗಿ ಬಾಯಲ್ಲಿದ್ದ ಮಾತನ್ನು ನುಂಗಿದಳು. ಅದು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಚೆನ್ನಾಗಿದ್ದೀಯಾ ಅಕ್ಕ?" ಎಂದಳು.

"ಇದ್ದೀನಿ" ಎಂದಳು ಅಕ್ಕ, ಹಲ್ಲು ಕಚ್ಚಿಕೊಂಡು. "ನೀನು ಸೊರಗಿದ ಹಾಗಿದ್ದೀಯ."

"ಇದು ನಿಂದನೆಯಾ ಅಮೀನರೇ?"

ಅಮೀನರು ಯೋಚಿಸಿದರು. "ಕಾಳಜಿ ಅನ್ಸುತ್ತೆ. ಮುಂದುವರಿಸಿ."

ಹೀಗೆ ಆರಂಭವಾಯಿತು. ಊಟದ ವಿಚಾರದಲ್ಲೂ ಅಮೀನರು ಬಿಟ್ಟುಕೊಡಲಿಲ್ಲ. ಎರಡೂ ಮನೆಗಳಲ್ಲಿ ಕಪಾಟಿನ ಮುಂದೆ ತಟ್ಟೆಯಿಟ್ಟು ಹಾಲು, ಹಣ್ಣು, ಬೇಯಿಸಿದ ತರಕಾರಿ ಬಡಿಸಬೇಕಾಯಿತು. ಅಕ್ಕನ ಮನೆಯಲ್ಲಿ ತಟ್ಟೆ ದಿನವೂ ಖಾಲಿಯಾಗುತ್ತಿತ್ತು. ಅಕ್ಕನ ಗಂಡ ಮೈ ತುಂಬಿಕೊಂಡ. ತಂಗಿಯ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಅವಳು ಶನಿವಾರ ಭಾನುವಾರ ಎರಡೆರಡು ಊಟ ಮಾಡಿದಳು. "ಸದರಿಗೆ ಹಸಿವು ಚೆನ್ನಾಗಿದೆ" ಎಂದು ಅಮೀನರು ಬರೆದುಕೊಂಡರು.

ಶಾಲೆ ಅಕ್ಕನ ಮನೆಯ ಹಿಂದಿನ ಬೀದಿಯಲ್ಲೇ ಇತ್ತು. ಮುಖ್ಯೋಪಾಧ್ಯಾಯಿನಿ ತೀರ್ಪಿನ ಮೊಹರನ್ನು ನೋಡಿದೊಡನೆ ಎದ್ದು ನಿಂತು, ಆಮೇಲೆ ಕೂತು, ದಾಖಲಾತಿಯ ಹಾಳೆ ತೆಗೆದರು.

"ವಯಸ್ಸು?"

"ನಮ್ಮಮ್ಮನ ಮದುವೆಗಿಂತ ಹಿಂದಿಂದು" ಎಂದಳು ಅಕ್ಕ.

"ಹಾಗಾದ್ರೆ ವಯಸ್ಸು ಮೀರಿದೆ. ಆದ್ರೂ ಕೋರ್ಟು ಹೇಳಿದ ಮೇಲೆ ಇಲ್ಲ ಅನ್ನೋಕಾಗಲ್ಲ. ಓದು ಬರಹ?"

"ಒಳಗಡೆ ಹಳೇ ಪೇಪರ್ ಹಾಸಿದೆ."

"ಒಂದನೇ ತರಗತಿಗೆ ಹಾಕ್ತೀನಿ. ಹಿಂದಿನ ಬೆಂಚು. ಎತ್ತರ ಇದೆಯಲ್ಲ, ಬೇರೆ ಮಕ್ಕಳಿಗೆ ಬೋರ್ಡು ಕಾಣ್ಬೇಕು."

ಬೆಳಿಗ್ಗೆ ಕೈಗಾಡಿಯಲ್ಲಿ ಹೋಗಿ ಸಂಜೆ ಕೈಗಾಡಿಯಲ್ಲಿ ಬರುವುದು ಕಪಾಟಿಗೆ ರೂಢಿಯಾಯಿತು. ಟೀಚರು "ಸದರಿ" ಎಂದು ಹಾಜರಿ ಕೂಗಿದಾಗ ಇಡೀ ತರಗತಿಯೇ "ಬಂದಿದೆ ಮಿಸ್" ಎನ್ನುತ್ತಿತ್ತು. ಮೊದಲ ಪರೀಕ್ಷೆಯ ನಂತರ ಮನೆಗೆ ಬಂದ ಪ್ರಗತಿಪತ್ರದಲ್ಲಿ ಹೀಗೆ ಬರೆದಿತ್ತು: "ನಡತೆ ಬಹಳ ಉತ್ತಮ. ಪಾಠದ ನಡುವೆ ಮಾತಾಡುವುದಿಲ್ಲ. ಆಟದಲ್ಲಿ ಇನ್ನಷ್ಟು ಚುರುಕಾಗಬೇಕು. ಲೆಕ್ಕದಲ್ಲಿ ಸೊನ್ನೆ, ಪೋಷಕರು ಗಮನ ಕೊಡಬೇಕು."

ಅಕ್ಕನಿಗೆ ಏನನ್ನಿಸಿತೋ, ಆ ಶುಕ್ರವಾರ ಗಾಡಿಯೊಂದಿಗೆ ಪ್ರಗತಿಪತ್ರವನ್ನೂ ತಂಗಿಯ ಕೈಗಿತ್ತಳು. ಓದಿದ ತಂಗಿಯ ಮುಖ ಊದಿಕೊಂಡಿತು.

"ಲೆಕ್ಕದಲ್ಲಿ ಸೊನ್ನೆ ಅಂತ ಹ್ಯಾಗೆ ಹಾಕಿದ್ರು? ನಾನು ದಿನಾ ಸಾವಿರ ಜನಕ್ಕೆ ಚಿಲ್ಲರೆ ಕೊಡೋಳು. ನಮ್ಮನೇಲಿ ಲೆಕ್ಕದಲ್ಲಿ ಯಾರೂ ಸೊನ್ನೆ ತಗೊಂಡಿಲ್ಲ."

"ನಾನು ತಗೊಂಡಿದ್ದೆ" ಎಂದಳು ಅಕ್ಕ.

"ನೀನಾ? ಯಾವಾಗ?"

"ಅಮ್ಮನಿಗೆ ತೋರಿಸ್ದೆ ಬಚ್ಚಿಟ್ಟಿದ್ದೆ."

ತಂಗಿಗೆ ನಗು ಬಂತು. ಅಮೀನರು ಪೆನ್ನು ತೆರೆದರು. ಇದು ಅಪಹಾಸ್ಯವೋ ಅಲ್ಲವೋ ಎಂದು ತಿಳಿಯದೆ, ಅಕ್ಕನೂ ನಗುವುದನ್ನು ಕಂಡು, ಮತ್ತೆ ಮುಚ್ಚಿದರು.

ತಿಂಗಳ ತಪಾಸಣೆಗೆ ಇಬ್ಬರೂ ಒಟ್ಟಿಗೆ ಹೋಗಬೇಕಾಯಿತು. ಉಭಯ ಪಕ್ಷಕಾರರ ಸಹಿ ಬೇಕಿತ್ತು. ಡಾಕ್ಟರು ಕಪಾಟಿನ ಬೆನ್ನಿಗೆ ಸ್ಟೆಥಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು.

"ಒಳಗೆ ಏನೋ ಕೊರೆಯೋ ಸದ್ದು ಬರ್ತಿದೆ. ಹುಳ ಇರ್ಬೇಕು. ಈ ವಯಸ್ಸಲ್ಲಿ ಎಲ್ರಿಗೂ ಇರುತ್ತೆ" ಎಂದು ಔಷಧಿ ಬರೆದರು.

ಔಷಧಿ ಬರೆದದ್ದೇನೋ ಮಕ್ಕಳ ಸಿರಪ್ಪು. ಆದರೆ ತಂಗಿ ಹಿಡಿದುಕೊಂಡದ್ದು 'ಹುಳ' ಎಂಬ ಮಾತನ್ನು. ಹೊರಗೆ ಬಂದವಳೇ, "ಅಕ್ಕ, ನಿನ್ನ ಮನೆ ಗೋಡೆ ತೇವ ಅಲ್ವಾ? ಸ್ವಲ್ಪ ಒಣಗಿರೋ ಕಡೆ ಇಡೇ" ಎಂದಳು. ಅಮೀನರು ಆಗ ಅಲ್ಲಿರಲಿಲ್ಲ, ಔಷಧಿ ಅಂಗಡಿಯ ಸಾಲಿನಲ್ಲಿದ್ದರು. ಆದರೂ ಅಕ್ಕ ತಿರುಗಿ ಬೈಯಲಿಲ್ಲ.

ಇದೇ ಹೊತ್ತಿಗೆ ಒಂದು ಮಧ್ಯಾಹ್ನ ಅಕ್ಕನ ಅಂಗಡಿಗೆ ಮೂವರು ಬಂದರು. ಮುಂದೆ ಒಬ್ಬಳು ಹೆಂಗಸು, ಬೆರಳ ತುದಿಗಳಲ್ಲೆಲ್ಲ ಕಪ್ಪು ಪುಡಿ. ಕೋರ್ಟಿನ ಎದುರಿಗಿರುವ ಜೆರಾಕ್ಸ್ ಅಂಗಡಿಯವಳು. ಅವಳಿಂದ ಮಾರು ದೂರದಲ್ಲಿ ಒಬ್ಬ ಗಂಡಸು, ಡ್ರೈವಿಂಗ್ ಶಾಲೆಯ ಮೇಷ್ಟ್ರು. ನಡುವೆ ಇಬ್ಬರ ಮಗಳು, ಶಾಲೆಯ ಚೀಲ ಬೆನ್ನಿಗೇರಿಸಿಕೊಂಡ ಗಂಭೀರ ಹುಡುಗಿ.

"ಕಪಾಟಿನ ಕೇಸು ನಿಮ್ದೇ ಅಲ್ವಾ?" ಎಂದಳು ಜೆರಾಕ್ಸ್‌ನವಳು. "ನಿಮ್ಮ ಅರ್ಜಿ ನನ್ನಂಗಡಿಗೇ ನಕಲಿಗೆ ಬಂದಿತ್ತು. ಓದಿದ ಕೂಡ್ಲೆ ಗೊತ್ತಾಯ್ತು. ನಿಮ್ಮ ಹಾಳೆ ನಮ್ಮ ಹತ್ರ ಇದೆ."

ಗಂಡಹೆಂಡಿರು ಬೇರೆಯಾಗಿ, ಮಗಳು ಯಾರ ಬಳಿ ಇರಬೇಕೆಂದು ಅದೇ ನ್ಯಾಯಾಧೀಶರ ಮುಂದೆ ಹೋಗಿದ್ದರು. ಅವರ ತೀರ್ಪೂ ಅದೇ ದಿನದ್ದು. ಅಕ್ಕ ಅದರ ಕೊನೆಯ ಪುಟ ಓದಿದಳು.

"ಸದರಿಯ ಮೇಲ್ಭಾಗವು ವಾದಿಗೂ ಕೆಳಭಾಗವು ಪ್ರತಿವಾದಿಗೂ ಸೇರತಕ್ಕದ್ದು. ಅಮೀನರ ಸಮ್ಮುಖದಲ್ಲಿ ನುರಿತ ಬಡಗಿಯಿಂದ, ಸದರಿಗೆ ಗೀರು ಬೀಳದಂತೆ, ಎರಡು ಭಾಗಗಳನ್ನು ಬೇರ್ಪಡಿಸತಕ್ಕದ್ದು."

ಅಕ್ಕ ಹುಡುಗಿಯತ್ತ ನೋಡಿದಳು.

"ಮೇಲಿನ ಭಾಗ ಅಮ್ಮಂದು" ಎಂದಳು ಹುಡುಗಿ. "ಅದಕ್ಕೆ ಅಂಗಿ, ಹೇರ್‌ಪಿನ್ನು, ಹಲ್ಲಿನ ಡಾಕ್ಟರು ಎಲ್ಲಾ ಅಮ್ಮನ ಪಾಲು. ಶೂ, ಕಾಲುಚೀಲ ಅಪ್ಪ ಕೊಡಿಸ್ಬೇಕು. ಹೊಟ್ಟೆನೋವು ಬಂದ್ರೆ ಇಬ್ರೂ ಜಗಳ ಆಡ್ತಾರೆ."

"ಸೊಂಟದ ಮೇಲಿದ್ರೆ ಅವಳ್ದೇ ತಾನೆ?" ಎಂದ ಮೇಷ್ಟ್ರು.

"ಶುರು ಮಾಡಿದ್ರು ನೋಡಿ" ಎಂದಳು ಜೆರಾಕ್ಸ್‌ನವಳು.

"ಬಡಗಿ?" ಅಕ್ಕ ಹಾಳೆ ಕೆಳಗಿಟ್ಟಳು. "ಬಡಗಿ ಬಂದಿದ್ದನಾ?"

"ನಿನ್ನೆ ಬಂದಿದ್ದ" ಎಂದಳು ಜೆರಾಕ್ಸ್‌ನವಳು.

ಅಮೀನರೇ ಕರೆತಂದಿದ್ದರಂತೆ. ಬಡಗಿ ಚೀಲ ಕೆಳಗಿಟ್ಟು, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು, "ಸಾಮಾನು ಎಲ್ಲಿ?" ಎಂದು ಕೇಳಿದನಂತೆ. ಅಮೀನರು ಹುಡುಗಿಯನ್ನು ತೋರಿಸಿದರು. ಬಡಗಿ ಅವಳನ್ನು ನೋಡಿದ, ಅಮೀನರನ್ನು ನೋಡಿದ, ಮತ್ತೆ ಅವಳ ಸುತ್ತ ಒಂದು ಸುತ್ತು ಬಂದ.

"ಕೀಲು ಎಲ್ಲಿದೆಯಮ್ಮಾ?" ಎಂದನಂತೆ.

"ಮಂಡೀಲಿದೆ, ಮೊಣಕೈಲಿದೆ. ನಡುವೆ ಇಲ್ಲ" ಎಂದಳು ಹುಡುಗಿ. ಶಾಲೆಯಲ್ಲಿ ಅದೇ ವಾರ ಆ ಪಾಠವಾಗಿತ್ತು.

ಬಡಗಿ ಚೀಲ ಹೆಗಲಿಗೇರಿಸಿದ. "ಇದು ಒಂದೇ ತುಂಡಿಂದು ಸ್ವಾಮಿ, ಬೇರೆ ಮಾಡೋಕೆ ಬರಲ್ಲ. ಬರ್ಕೊಳ್ಳಿ" ಎಂದ. ಅಮೀನರು ಬೆವರೊರೆಸಿಕೊಂಡು ಬರೆದರು: "ಸದರಿಯು ಒಂದೇ ತುಂಡಿನದಾಗಿದ್ದು ಬೇರ್ಪಡಿಸಲು ಬಾರದೆಂದು ನುರಿತ ಬಡಗಿಯು ದೃಢೀಕರಿಸಿದ್ದಾನೆ." ಬಡಗಿ ಸಹಿ ಹಾಕಿದ. ಹಾಳೆಯನ್ನು ತೀರ್ಪಿನ ಕೊನೆಗೆ ಪಿನ್ನು ಹೊಡೆದರು. ಹೋಗುವಾಗ ಅಮೀನರು ಆ ಮನೆಯಲ್ಲಿ ಎರಡು ಲೋಟ ನೀರು ಕುಡಿದರಂತೆ.

ತಂಗಿಗೆ ಹೇಳಿಕಳಿಸಿದರು. ಅವಳು ಸಮವಸ್ತ್ರದಲ್ಲೇ ಓಡಿಬಂದಳು. ಎಲ್ಲರೂ ಸೇರಿ ಹೊಸ ನ್ಯಾಯಾಧೀಶರ ಬಳಿ ಹೋದರು. ಅವರು ಚಿಕ್ಕ ಪ್ರಾಯದವರು, ಒಳ್ಳೆಯವರು. ಎರಡೂ ತೀರ್ಪುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದುತ್ತ ಹೋದಂತೆ ಅವರ ಹುಬ್ಬು ಮೇಲೇರುತ್ತ ಹೋಯಿತು.

"ಹಾಳೆ ಅದಲುಬದಲಾಗಿರೋದು ಕಣ್ಣಿಗೆ ಕಾಣ್ತಿದೆ" ಎಂದರು. "ಆದ್ರೆ ಮೇಲ್ಮನವಿಯ ಅವಧಿ ಮುಗಿದಿದೆ. ನಾನು ತಿದ್ದಬೇಕು ಅಂದ್ರೆ ತಿದ್ದೋಕೆ ಪದ ಬೇಕು. ಉಳಿದಿರೋದು ಒಂದೇ ದಾರಿ. ನಾಲ್ಕೂ ಜನ ಒಪ್ಪಿದ್ರೆ ಸದರಿಗಳನ್ನ ಅದಲುಬದಲು ಮಾಡ್ಕೋಬಹುದು. ಕಪಾಟು ಆ ಕೇಸಿಗೆ, ಮಗು ಈ ಕೇಸಿಗೆ."

"ಅಂದ್ರೆ ಮಗೂನ ನಾವಿಬ್ರು ಇಟ್ಕೋಬೇಕಾ?" ಎಂದಳು ತಂಗಿ.

"ವಾರದಲ್ಲಿ ಐದು ದಿನ ಇವರು, ಎರಡು ದಿನ ನೀವು. ಕಾನೂನಿನ ಪ್ರಕಾರ ಪೂರ್ತಿ ಸರಿಹೋಗುತ್ತೆ."

ಜೆರಾಕ್ಸ್‌ನವಳು ಮಗಳ ಎಡಗೈ ಹಿಡಿದುಕೊಂಡಳು. ಮೇಷ್ಟ್ರು ಬಲಗೈ ಹಿಡಿದುಕೊಂಡ. ಆ ಗಂಡಹೆಂಡಿರು ಒಂದೇ ಮಾತನ್ನು ಒಂದೇ ಸಲ ಹೇಳಿದ್ದು ಬಹುಶಃ ಅದೇ ಮೊದಲು: "ಬೇಡ ಸ್ವಾಮಿ."

ನ್ಯಾಯಾಧೀಶರು ತಲೆಯ ಮೇಲೆ ಕೈಹೊತ್ತು ಮುಂದಿನ ಮೊಕದ್ದಮೆ ಕೂಗಿಸಿದರು.

ಹೊರಗಿನ ಜಗಲಿಯಲ್ಲಿ ಎಲ್ಲರೂ ಪೆಚ್ಚಾಗಿ ಕೂತರು. ಅಮೀನರೂ ಒಂದು ಮೂಲೆಯಲ್ಲಿ ಕೂತಿದ್ದರು. ಆ ವಾರ ಯಾರ ಮನೆಗೆ ಏನು ಜಾರಿ ಮಾಡಬೇಕೆಂದು ಅವರಿಗೂ ಬಗೆಹರಿದಿರಲಿಲ್ಲ. ಜೆರಾಕ್ಸ್‌ನವಳು ಎರಡೂ ತೀರ್ಪುಗಳನ್ನು ತೊಡೆಯ ಮೇಲಿಟ್ಟುಕೊಂಡು ಅಂಚು ಸರಿಮಾಡುತ್ತಿದ್ದಳು. ಕೈ ತನ್ನ ಪಾಡಿಗೆ ದಿನದ ಕೆಲಸ ಮಾಡುತ್ತಿತ್ತು. ಇದ್ದಕ್ಕಿದ್ದಂತೆ ಆ ಕೈ ನಿಂತಿತು.

"ಅಮೀನರೇ, ಹಾಳೆ ಹಾಳೆಗೂ ಮೊಹರು ಇದೆ ಅಲ್ವಾ?"

"ಇದೆ."

"ಸಹಿ?"

"ಇದೆ."

"ಹಾಳೆಗೆ ನಂಬರು?"

"ಆ ಸಾಹೇಬ್ರು ನಂಬರು ಹಾಕ್ತಿರ್ಲಿಲ್ಲ."

ಅವಳು ಚೀಲದಿಂದ ಪಿನ್ನು ಕೀಳುವ ಚಿಮುಟ ತೆಗೆದಳು. ಕಪಾಟಿನ ತೀರ್ಪಿನ ಕೊನೆಯ ಹಾಳೆ ಕಿತ್ತಳು. ಮಗಳ ತೀರ್ಪಿನ ಕೊನೆಯ ಹಾಳೆಯನ್ನೂ, ಅದಕ್ಕಂಟಿದ್ದ ಬಡಗಿಯ ಹಾಳೆ ಸಮೇತ, ಕಿತ್ತಳು. ಅದನ್ನು ಇದಕ್ಕೆ, ಇದನ್ನು ಅದಕ್ಕೆ ಜೋಡಿಸಿ ಪಿನ್ನು ಹೊಡೆದಳು. ತಂಗಿ ಮತ್ತು ಮೇಷ್ಟ್ರ ಕೈಯಲ್ಲಿದ್ದ ನಕಲುಗಳಿಗೂ, ಅಮೀನರ ಚೀಲದಲ್ಲಿದ್ದವಕ್ಕೂ ಅದನ್ನೇ ಮಾಡಿದಳು.

ಅಮೀನರು ಒಂದೊಂದನ್ನೂ ತಿರುವಿ ನೋಡಿದರು. ಮೊಹರು ಇತ್ತು. ಸಹಿ ಇತ್ತು. ಸದರಿ ಇತ್ತು.

"ಕ್ರಮಬದ್ಧವಾಗಿದೆ" ಎಂದರು.

"ಮೂಲ ಕಡತ?" ಎಂದಳು ಅಕ್ಕ.

"ಅದು ದಾಖಲೆ ಕೋಣೆ ಸೇರಿದೆ. ಅಲ್ಲಿಗೆ ಹೋದದ್ದನ್ನ ಯಾರೂ ಮತ್ತೆ ನೋಡಿದ್ದಿಲ್ಲ."

ಹುಡುಗಿಯ ಪಾಡು ಹಾಗೆ ಸರಿಹೋಯಿತು. ಐದು ದಿನ ಅಮ್ಮ, ಎರಡು ದಿನ ಅಪ್ಪ. ಹೊಟ್ಟೆನೋವು ಬಂದರೆ ಯಾರ ಮನೆಯಲ್ಲಿದ್ದಾಳೋ ಅವರದು. ಶುಕ್ರವಾರ ಸಂಜೆ ಅವಳ ಮುಂದೆ ಅಪ್ಪ ಅಮ್ಮ ಬಾಯಿ ಬಿಗಿಹಿಡಿದು ನಿಂತಾಗ, "ನೀವಿನ್ನು 'ಚೆನ್ನಾಗಿದ್ದೀಯಾ' ಅಂತ ಕೇಳ್ಬೇಕು" ಎಂದು ಅವಳೇ ಹೇಳಿಕೊಡುತ್ತಿದ್ದಳಂತೆ.

ಇತ್ತ ಅಮೀನರು ಬಡಗಿಯನ್ನು ಕರೆದುಕೊಂಡು ಅಕ್ಕನ ಮನೆಗೆ ಬಂದರು. ತಂಗಿಯೂ ಬಂದಿದ್ದಳು. ಬಡಗಿ ಕಪಾಟನ್ನು ಕಂಡು ನಿಟ್ಟುಸಿರು ಬಿಟ್ಟ. "ಇದಾದ್ರೆ ಸರಿ" ಎಂದು ನಡುವಿನ ಕೀಲಿನ ಮೇಲೆ ಉಳಿ ಇಟ್ಟ.

"ತಡಿ" ಎಂದರು ಅಮೀನರು. "ಸದರಿಯು ಒಂದೇ ತುಂಡಿನದು, ಬೇರ್ಪಡಿಸಲು ಬಾರದು ಅಂತ ನೀನೇ ದೃಢೀಕರಿಸಿದ್ದೀಯಲ್ಲ. ಹಾಳೆ ಇಲ್ಲೇ ಇದೆ."

"ಅದು ಆ ಮಗೂಗೆ ಹೇಳಿದ್ದು."

"ಮಗು ಅಂತ ಎಲ್ಲಿದೆ? ತೋರಿಸು."

ಎಲ್ಲಿಯೂ ಇರಲಿಲ್ಲ. ಬಡಗಿ ಉಳಿಯನ್ನು ಚೀಲಕ್ಕೆ ಹಾಕಿಕೊಂಡ. ಅಮೀನರು, "ಆದೇಶ ಜಾರಿಗೆ ಅವಕಾಶವಿಲ್ಲ, ಸದರಿಯು ಉಭಯ ಪಕ್ಷಕಾರರಿಗೂ ಇಡಿಯಾಗಿ ಸೇರಿದ್ದು" ಎಂದು ಬರೆದು ಕಡತ ಮುಚ್ಚಿದರು. ಹೊಸ್ತಿಲಲ್ಲಿ ಒಮ್ಮೆ ನಿಂತು ಇಬ್ಬರನ್ನೂ ನೋಡಿ, "ಇನ್ನು ಮೇಲೆ ನೀವು ಬೈದಾಡ್ಕೋಬಹುದು" ಎಂದು ಹೋದರು.

ಅಕ್ಕತಂಗಿ ಕಪಾಟಿನ ಎದುರು ನಿಂತರು.

"ನೀನೇ ಇಟ್ಕೋ ಅಕ್ಕ" ಎಂದಳು ತಂಗಿ. "ನಿನ್ನ ಮನೇಲಿ ಜಾಗ ಇದೆ."

"ಇಲ್ಲ ಕಣೇ, ಗೋಡೆ ತೇವ. ನಿನ್ನಲ್ಲೇ ಇರ್ಲಿ. ಒಬ್ಬಳೇ ಇರ್ತೀಯ."

"ಅಮ್ಮ ನಿನಗೇ ಅಂದಿದ್ಲು."

"ನಿನಗೂ ಅಂದಿದ್ಲಲ್ಲ."

"ನಿನಗೆ ಮೊದ್ಲು ಅಂದಿರ್ತಾಳೆ. ನೀನು ದೊಡ್ಡೋಳು."

"ನನಗೆ ಬುದ್ಧಿ ಹೇಳ್ಬೇಡ. ತಗೊಂಡು ಹೋಗು ಅಂದ್ರೆ ಹೋಗು."

ಮಾತಿಗೆ ಮಾತು ಬೆಳೆಯಿತು. ತಂಗಿ ಬಾಗಿಲು ದಬ್ಬಿಕೊಂಡು ಹೊರಟಳು. ಮಾರನೆಯ ಬೆಳಿಗ್ಗೆ ಅಕ್ಕ ಕೈಗಾಡಿಯಲ್ಲಿ ಕಪಾಟನ್ನು ಹೇರಿ ತಂಗಿಯ ಬಾಗಿಲಲ್ಲಿ ಇಳಿಸಿ ಬಂದಳು. ಸಂಜೆ ಡ್ಯೂಟಿ ಮುಗಿಸಿದ ತಂಗಿ ಅದನ್ನು ಹಿಂದಕ್ಕೆ ತಂದು ಇಳಿಸಿದಳು. ವಾರವೆಲ್ಲ ಇದೇ ಆಯಿತು. ಕೊನೆಗೆ ಅಕ್ಕ ವಕೀಲರ ಬಳಿ ಹೋಗಿ, ತಂಗಿಯೇ ಕಪಾಟನ್ನು ಇಟ್ಟುಕೊಳ್ಳಬೇಕೆಂದು ಹೊಸ ದಾವೆ ಹೂಡಿದಳು. ವಕೀಲರು ಸಂತೋಷದಿಂದ ವಹಿಸಿಕೊಂಡು, ಈ ಸಲ ಎಲ್ಲ ಕಡೆಯೂ 'ಕಪಾಟು' ಎಂದೇ ಬರೆದರು.

ಮೊದಲ ವಿಚಾರಣೆಯ ದಿನ ಎರಡನೇ ಸಲ ಕೂಗಿಸಿದರೂ ತಂಗಿ ಬರಲಿಲ್ಲ.

"ಪ್ರತಿವಾದಿ ಗೈರುಹಾಜರು" ಎಂದರು ನ್ಯಾಯಾಧೀಶರು. "ನೀವು ಕೇಳಿದ ಹಾಗೆ ಆದೇಶ ಮಾಡಬಹುದಾ?"

ವಕೀಲರು ಹೌದೆನ್ನಲು ಎದ್ದರು. ಅಕ್ಕ ಅವರ ಕೋಟು ಹಿಡಿದು ಕೂರಿಸಿ ತಾನು ಎದ್ದಳು.

"ಬೇಡ ಸ್ವಾಮಿ. ಅವಳಿಗೆ ಜ್ವರ. ಬೆಳಿಗ್ಗೆ ನೋಡ್ಕೊಂಡೇ ಬಂದಿದ್ದೀನಿ. ಮೈ ಸುಡ್ತಿತ್ತು. ಬೇರೆ ದಿನ ಕೊಡಿ."

"ಅವರು ಬರದಿದ್ರೆ ನೀವೇ ಗೆಲ್ತೀರಿ, ಗೊತ್ತಲ್ಲ?"

"ಗೊತ್ತು. ಅವಳಿಲ್ಲದಾಗ ಗೆದ್ರೆ ಆಮೇಲೆ ಜನ್ಮವಿಡೀ ಆಡ್ಕೋತಾಳೆ."

ನ್ಯಾಯಾಧೀಶರು ಬೇರೆ ದಿನ ಕೊಟ್ಟರು. ಅಕ್ಕ ಜಗಲಿ ಇಳಿದು, ಎದುರಿಗಿದ್ದ ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಂಡು, ತಂಗಿಯ ಮನೆಯ ಕಡೆಗೆ ಹೋಗುವ ಬಸ್ಸು ಹತ್ತಿದಳು.